ಚುನಾವಣಾ ಪೋಸ್ಟರ್, ಬ್ಯಾಡ್ಜ್, ಬ್ಯಾನರ್, ಭಾಷಣದ ಟೇಪ್: ಮ್ಯೂಸಿಯಂಗೆ ಬಂದ ಮೇಲೆ ಮೊದಲು ಏನು ಮಾಡಬೇಕು?

ದಾಖಲೆಪೆಟ್ಟಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ರಾಜಕೀಯ ಇತಿಹಾಸದ ಒಂದು ಸಣ್ಣ ಮ್ಯೂಸಿಯಂಗೆ ಖಾಸಗಿ ಸಂಗ್ರಹವೊಂದು ದಾನವಾಗಿ ಬರುತ್ತಿದೆ. ಹಲವು ದಶಕಗಳ ಚುನಾವಣಾ ಪೋಸ್ಟರ್‌ಗಳು, ಕರಪತ್ರಗಳು, ಪತ್ರಿಕೆಯ ತುಣುಕುಗಳು, ತಗಡಿನ ಬ್ಯಾಡ್ಜ್‌ಗಳು, ಬಣ್ಣದಲ್ಲಿ ಬರೆದ ಬಟ್ಟೆಯ ಬ್ಯಾನರ್‌ಗಳು, ಭಾಷಣಗಳ ರೀಲ್ ಟೇಪ್ ಮತ್ತು ಕ್ಯಾಸೆಟ್ಟುಗಳು ಇವೆ. ಎಲ್ಲವೂ ಟ್ರಂಕುಗಳಲ್ಲಿ ಬೆರೆತು ಕೂತಿವೆ. ದಾನಿ ಒಂದೇ ಪಕ್ಷದ ಕಾರ್ಯಕರ್ತರಾಗಿದ್ದವರು.

ನನ್ನ ಪ್ರಶ್ನೆಗಳು: ಪಕ್ಷ, ವರ್ಷದ ಪ್ರಕಾರ ವಿಂಗಡಿಸಿಬಿಡೋಣವೇ? ಹರಿಯುತ್ತಿರುವ ಪೋಸ್ಟರ್‌ಗಳನ್ನು ಲ್ಯಾಮಿನೇಟ್ ಮಾಡಬಹುದೇ? ಕೊಳೆಯಾದ ಬ್ಯಾನರ್ ಒಗೆಯಬಹುದೇ? ಟೇಪ್‌ಗಳನ್ನು ಒಮ್ಮೆ ಹಾಕಿ ಕೇಳಿ ನೋಡಬಹುದೇ? ಮುಂದೆ ಸಂಶೋಧಕರಿಗೆ ಉಪಯೋಗವಾಗುವಂತೆ ಇವನ್ನು ದಾಖಲಿಸುವುದು ಹೇಗೆ?

ಕಡತಪಾಲ ಉತ್ತರಿಸಿದ್ದು:

ಮೊದಲ ಪ್ರಶ್ನೆಗೆ: ದಯವಿಟ್ಟು ಈಗಲೇ ವಿಂಗಡಿಸಬೇಡಿ. ಟ್ರಂಕಿನೊಳಗಿನ ಜೋಡಣೆಯೇ ಒಂದು ಮಾಹಿತಿ. ಒಂದು ಕರಪತ್ರದ ಜೊತೆ ಅದರ ಮುದ್ರಣದ ಬಿಲ್ಲು, ಸಭೆಯ ಅನುಮತಿ ಪತ್ರ, ಒಂದು ಬ್ಯಾಡ್ಜ್ ಒಟ್ಟಿಗೆ ಮಡಿಸಿಟ್ಟಿದ್ದರೆ, ಆ ನಾಲ್ಕೂ ಒಂದೇ ಕಾರ್ಯಕ್ರಮಕ್ಕೆ ಸೇರಿದವು ಎನ್ನಲು ಇರುವ ಸಾಕ್ಷ್ಯ ಅದೊಂದೇ ಆಗಿರಬಹುದು. ಕರಪತ್ರವನ್ನು ಕರಪತ್ರಗಳ ರಾಶಿಗೆ, ಬಿಲ್ಲನ್ನು ಬಿಲ್ಲುಗಳ ರಾಶಿಗೆ ಹಾಕಿದ ಕ್ಷಣ ಆ ಕೊಂಡಿ ಕಳಚಿತು, ಮತ್ತೆ ಸಿಗುವುದಿಲ್ಲ.

ಟ್ರಂಕು ತೆರೆದೊಡನೆ ಮೇಲಿನಿಂದ ಒಂದು ಫೋಟೊ. ಒಂದು ಪದರ ತೆಗೆದ ಮೇಲೆ ಮತ್ತೊಂದು. ಟ್ರಂಕಿಗೆ 1, 2, 3 ಎಂದೂ ಪದರಕ್ಕೆ ಅ, ಆ ಎಂದೂ ಗುರುತು ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಶೇಖರಣೆಗೆ ಕಾಗದ, ಲೋಹ, ಬಟ್ಟೆ ಬೇರೆ ಬೇರೆ ಜಾಗಕ್ಕೆ ಹೋಗಲೇಬೇಕು. ಆದರೆ ದಾಖಲೆಯಲ್ಲಿ ಅವು ಒಟ್ಟಿಗಿದ್ದವು ಎಂಬುದು ಉಳಿಯಬೇಕು.

ಬಂದ ವಸ್ತು ನೇರವಾಗಿ ಮುಖ್ಯ ಶೇಖರಣಾ ಕೋಣೆಗೆ ಹೋಗಬಾರದು. ಬೇರೆ ಕೋಣೆಯಲ್ಲಿಟ್ಟು ಹುಳು ಕೊರೆದ ಪುಡಿ, ಹಿಕ್ಕೆ, ಬೂಷ್ಟಿನ ವಾಸನೆ ಪರೀಕ್ಷಿಸಿ. ಹುಳುವಿದ್ದರೆ ಕಾಗದ ಮತ್ತು ಬಣ್ಣ ಬಳಿಯದ ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ, ಬಾಯಿ ಭದ್ರವಾಗಿ ಮುಚ್ಚಿ ಡೀಪ್ ಫ್ರೀಜರಿನಲ್ಲಿಡಿ: ಮೈನಸ್ 30 ಡಿಗ್ರಿಯಲ್ಲಿ 3 ದಿನ, ಮೈನಸ್ 20ರಲ್ಲಾದರೆ 2 ವಾರ. ಹೊರತೆಗೆದ ಮೇಲೆ ಕನಿಷ್ಠ 24 ಗಂಟೆ ಚೀಲ ಬಿಚ್ಚಕೂಡದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕಟ್ಟಿ, ಹುಳು ಮಾಡದ ಹಾನಿಯನ್ನು ಅದು ಮಾಡುತ್ತದೆ. ಎಣ್ಣೆಬಣ್ಣದ ಬ್ಯಾನರ್, ಟೇಪ್, ಬ್ಯಾಡ್ಜ್‌ಗಳನ್ನು ಫ್ರೀಜರಿಗೆ ಹಾಕಬೇಡಿ.

ದಾನಪತ್ರದಲ್ಲಿ ವಸ್ತುವಿನ ಒಡೆತನ ಮತ್ತು ಕೃತಿಸ್ವಾಮ್ಯ ಎರಡನ್ನೂ ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಿ. ಪೋಸ್ಟರ್ ದಾನಿಯದೇ ಇರಬಹುದು, ಅದರ ಚಿತ್ರ ಬರೆದವರ ಹಕ್ಕು ದಾನಿಯ ಬಳಿ ಇರುವುದಿಲ್ಲ.

ಸಂಖ್ಯೆಗೆ ವರ್ಷ, ದಾನದ ಕ್ರಮಾಂಕ, ವಸ್ತುವಿನ ಕ್ರಮಾಂಕ ಎಂಬ ಮೂರು ಭಾಗ ಸಾಕು. 2025.4.17 ಅಂದರೆ ಆ ವರ್ಷದ ನಾಲ್ಕನೇ ದಾನದ ಹದಿನೇಳನೇ ವಸ್ತು. ಸಂಖ್ಯೆಯೊಳಗೆ ಪಕ್ಷ, ಊರು ಎಲ್ಲ ತುರುಕಬೇಡಿ. ಆ ಗುರುತಿಸುವಿಕೆ ತಪ್ಪೆಂದು ಗೊತ್ತಾದ ದಿನ ಸಂಖ್ಯೆಯನ್ನೇ ಬದಲಿಸಬೇಕಾಗುತ್ತದೆ. ಕಾಗದದ ಹಿಂಬದಿಯ ಮೂಲೆಯಲ್ಲಿ ಮೆತ್ತಗಿನ ಪೆನ್ಸಿಲ್, ಬಟ್ಟೆಗೆ ಹೊಲಿದ ಹತ್ತಿಯ ಪಟ್ಟಿ. ಬಾಲ್‌ಪೆನ್, ಅಂಟುಚೀಟಿ ಯಾವುದಕ್ಕೂ ಬೇಡ.

ಕಾಗದದಕೈ ಉತ್ತರಿಸಿದ್ದು:

ಲ್ಯಾಮಿನೇಶನ್ ಖಂಡಿತ ಬೇಡ. ಬಿಸಿ ಮತ್ತು ಅಂಟಿನಿಂದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಒಳಗೆ ಸಿಕ್ಕಿಬಿದ್ದ ಆಮ್ಲ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಹರಿದ ಪೋಸ್ಟರಿಗೆ ಬೇಕಿರುವುದು ಆಧಾರ ಅಷ್ಟೇ: ಆಮ್ಲರಹಿತ ದಪ್ಪ ಹಾಳೆಯ ಮೇಲಿಟ್ಟು ಪಾಲಿಯೆಸ್ಟರ್ ಹಾಳೆಯ ಹೊದಿಕೆ. ಪಿವಿಸಿ ಹೊದಿಕೆ ಬಳಸಬೇಡಿ, ಅದರಿಂದ ಹೊರಬರುವ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸುವ ರಾಸಾಯನಿಕ) ಮತ್ತು ಆಮ್ಲ ಶಾಯಿಯನ್ನು ಎತ್ತುತ್ತವೆ. ಸೀಮೆಸುಣ್ಣ, ಇದ್ದಿಲಿನಲ್ಲಿ ಬರೆದ ಫಲಕಗಳಿಗೆ ಪಾಲಿಯೆಸ್ಟರ್ ಕೂಡ ಬೇಡ. ಅದರ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಪತ್ರಿಕೆಯ ತುಣುಕುಗಳನ್ನು ಬೇರೆ ಕಾಗದಗಳ ನಡುವೆ ಬಿಡಬೇಡಿ. ಅದು ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಕಂದಾಗಿ ಪಕ್ಕದ ಹಾಳೆಗೂ ಕಲೆ ಹತ್ತಿಸುತ್ತದೆ. ಸ್ಕ್ಯಾನ್ ಮಾಡಿ, ಕ್ಷಾರೀಯ ಕಾಗದದ ಮೇಲೆ ಪ್ರತಿ ತೆಗೆದು ಆ ಪ್ರತಿಯನ್ನು ಮೂಲದ ಜಾಗದಲ್ಲಿಡಿ. ಅಂಚಿನಲ್ಲಿ ದಾನಿ ಗೀಚಿದ್ದು, ಅಡಿಗೆರೆ ಎಳೆದದ್ದು ಇದ್ದರೆ ಆ ತುಣುಕಿನ ಮೂಲ ಪ್ರತಿಯನ್ನು ತಪ್ಪದೆ ಪ್ರತ್ಯೇಕ ಫೋಲ್ಡರಿನಲ್ಲಿ ಉಳಿಸಿ. ಸ್ಟೇಪಲ್ ಪಿನ್ನಿನ ಕಾಲುಗಳನ್ನು ಹಿಂದಿನಿಂದ ಬಿಡಿಸಿ ತೆಗೆಯಿರಿ, ಮುಂದಿನಿಂದ ಜಗ್ಗಬೇಡಿ.

ಒಂದು ವಿಷಯದಲ್ಲಿ ತುಂಬ ಎಚ್ಚರ ಬೇಕು. ಪೋಸ್ಟರಿನ ಹಿಂದೆ ಅಂಟಿದ ಗಾರೆ, ಒಂದರ ಮೇಲೊಂದು ಅಂಟಿಸಿದ ಪದರ, ಮುಖಕ್ಕೆ ಬಳಿದ ಮಸಿ ಎಲ್ಲವೂ ನಮಗೆ ಕೊಳೆಯಂತೆ ಕಾಣುತ್ತವೆ. ಆ ಪೋಸ್ಟರ್ ಗೋಡೆಯ ಮೇಲೆ ಇತ್ತು, ಯಾರೋ ಅದನ್ನು ಮುಚ್ಚಿದರು, ವಿರೋಧಿಸಿದರು ಎಂಬುದಕ್ಕೆ ಅವೇ ಪುರಾವೆ. ದಕ್ಷಿಣ ಆಫ್ರಿಕಾದ 1994ರ ಚುನಾವಣೆಯ ಮತಪತ್ರ ನೋಡಿ. ಇಂಕಾಥಾ ಪಕ್ಷ ಕಣಕ್ಕಿಳಿಯಲು ಒಪ್ಪಿದ್ದು ಮತದಾನಕ್ಕೆ ಸುಮಾರು ಒಂದು ವಾರ ಇರುವಾಗ. ಅಷ್ಟು ಹೊತ್ತಿಗೆ ಮತಪತ್ರ ಅಚ್ಚಾಗಿತ್ತು, ಹಾಗಾಗಿ ಅದರ ಹೆಸರನ್ನು ಕೆಳಗೆ ಸ್ಟಿಕರ್ ಆಗಿ ಅಂಟಿಸಿದರು. ಸಂರಕ್ಷಣೆಯ ಪಾಠದ ಪ್ರಕಾರ ಅಂಟಿನ ಸ್ಟಿಕರ್ ಕಾಗದಕ್ಕೆ ಕೆಟ್ಟದ್ದು. ಅಲ್ಲಿ ಮಾತ್ರ ಆ ಕಾಗದದ ಅತಿ ಮುಖ್ಯ ಭಾಗ ಸ್ಟಿಕರೇ. ಆದ್ದರಿಂದ ಯಾವುದನ್ನೇ ತೆಗೆಯುವ ಮೊದಲು ಎರಡೂ ಬದಿಯ ಫೋಟೊ, ಜೊತೆಗೆ ಏಕೆ ತೆಗೆಯುತ್ತಿದ್ದೇವೆ ಎಂಬ ಬರಹ ಇರಲೇಬೇಕು.

ಪ್ರದರ್ಶನಕ್ಕೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿ ಇಟ್ಟರೆ ವಾಪಸು ಬರುವುದಿಲ್ಲ. 50 ಲಕ್ಸ್‌ನಲ್ಲಿ ದಿನಕ್ಕೆ 8 ಗಂಟೆಯಂತೆ 90 ದಿನ ಅಂದರೆ 36,000 ಲಕ್ಸ್-ಗಂಟೆ. 200 ಲಕ್ಸ್‌ನಲ್ಲಿ ಅಷ್ಟೇ ಬೆಳಕು 23 ದಿನದೊಳಗೆ ಬಿದ್ದುಬಿಡುತ್ತದೆ. ಅಗ್ಗದ ಶಾಯಿಯ ಗುಲಾಬಿ, ನೇರಳೆ ಬಣ್ಣಗಳು ಮೊದಲು ಹೋಗುತ್ತವೆ. ಸಾಪೇಕ್ಷ ಆರ್ದ್ರತೆ (ಗಾಳಿಯ ತೇವದ ಪ್ರಮಾಣ) 65 ಶೇಕಡಾ ದಾಟಿದರೆ ಬೂಷ್ಟು ಹತ್ತುತ್ತದೆ. 40ರಿಂದ 55ರೊಳಗೆ, ದೊಡ್ಡ ಏರಿಳಿತವಿಲ್ಲದೆ ಇದ್ದರೆ ಒಳ್ಳೆಯದು.

ನೂಲುಬಣ್ಣ ಉತ್ತರಿಸಿದ್ದು:

ಬ್ಯಾನರ್ ಒಗೆಯಬೇಡಿ. ಕೆಂಪು, ಕಪ್ಪು ಬಣ್ಣ ಬಿಡುವ ಸಾಧ್ಯತೆ ಹೆಚ್ಚು, ಬಣ್ಣ ಬರೆದ ಜಾಗ ಮತ್ತು ಖಾಲಿ ಬಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬರಹ ಸಿಡಿಯುತ್ತದೆ. ಕಡಿಮೆ ಸೆಳೆತದ ವ್ಯಾಕ್ಯೂಮ್ ನಳಿಕೆಗೆ ಬಲೆ ಕಟ್ಟಿ ಧೂಳು ತೆಗೆದರೆ ಸಾಕು. ಮಧ್ಯದಲ್ಲಿ ಅರ್ಧಚಂದ್ರದಂತೆ ಕತ್ತರಿಸಿದ ತೂತುಗಳಿದ್ದರೆ ತೇಪೆ ಹಾಕಬೇಡಿ. ಮೆರವಣಿಗೆಯಲ್ಲಿ ಗಾಳಿ ಹಾದುಹೋಗಲೆಂದು ಹೊತ್ತವರೇ ಮಾಡಿದ ತೂತುಗಳವು.

ಮಡಿಸಿಟ್ಟ ಬ್ಯಾನರ್ ಮಡಿಕೆಯಲ್ಲೇ ಸೀಳುತ್ತದೆ. ಕನಿಷ್ಠ 15 ಸೆಂ.ಮೀ. ವ್ಯಾಸದ ಕೊಳವೆಗೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಆಮ್ಲರಹಿತ ಟಿಶ್ಯೂ ಸುತ್ತಿ, ಬಣ್ಣದ ಬದಿ ಹೊರಗೆ ಬರುವಂತೆ ಬ್ಯಾನರ್ ಸುತ್ತಿ. ಒಳಮುಖವಾಗಿ ಸುತ್ತಿದರೆ ಬಣ್ಣ ಒತ್ತಿ ಸುಕ್ಕಾಗಿ ಏಳುತ್ತದೆ. ಸುತ್ತಿನ ನಡುವೆಯೂ ಟಿಶ್ಯೂ ಇರಲಿ. ದಾರದ ಬದಲು ಅಗಲದ ಹತ್ತಿಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಬಣ್ಣ ದಪ್ಪಗಿದ್ದು ಬಿರುಕಿದ್ದರೆ ಸುತ್ತದೆ ಚಪ್ಪಟೆಯಾಗಿಯೇ ಇಡಬೇಕು. ಬ್ಯಾನರ್ ತಯಾರಿಸಿದವರ ವಿಧಾನವೂ ಮುಖ್ಯ. ಲಂಡನ್ನಿನ ಜಾರ್ಜ್ ಟುಟಿಲ್ 1861ರಲ್ಲಿ ರೇಷ್ಮೆಗೆ ರಬ್ಬರ್ ಲೇಪಿಸುವ ಕ್ರಮಕ್ಕೆ ಪೇಟೆಂಟ್ ಪಡೆದಿದ್ದರು. ಕಾರ್ಮಿಕ ಸಂಘಗಳ ಅಂಥ ಬ್ಯಾನರ್‌ಗಳು ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂನಲ್ಲಿ ದೊಡ್ಡ ಸಂಖ್ಯೆಯಲ್ಲಿವೆ, ಸಂರಕ್ಷಣೆಗೆಂದೇ ಅಲ್ಲಿ ಕಾರ್ಯಾಗಾರವಿದೆ.

ಬ್ಯಾಡ್ಜ್: ಅಮೆರಿಕದ 1896ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹರಡಿದ ಮಾದರಿಯಲ್ಲಿ ತಗಡಿನ ಬಿಲ್ಲೆ, ಅದರ ಮೇಲೆ ಮುದ್ರಿತ ಕಾಗದ, ಮೇಲೆ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಚಿನಿಂದ ನೀರಿಳಿದು ಒಳಗಿನ ಕಾಗದಕ್ಕೆ ಕಂದು ಚುಕ್ಕೆ ಬರುತ್ತದೆ. ವಸ್ತುಗಳ ಮೇಲೆ ಸಂಖ್ಯೆ ಬರೆಯಲು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಬಳಿಯುವ ರೂಢಿಯಿದೆ. ಸೆಲ್ಯುಲಾಯ್ಡ್ ಅಸಿಟೋನಿನಲ್ಲಿ ಕರಗುತ್ತದೆ, ಇಲ್ಲಿ ಅದು ನಡೆಯದು. ಚೀಟಿ ಕಟ್ಟಿ. ಮೇಲ್ಮೈ ಹಳದಿಯಾಗಿ ಬಿರುಕು ಬಿಟ್ಟು ಕಟುವಾದ ವಾಸನೆ ಬಂದರೆ ಆ ಬ್ಯಾಡ್ಜನ್ನು ಕೂಡಲೇ ಬೇರ್ಪಡಿಸಿ ಗಾಳಿಯಾಡುವ ತಂಪು ಜಾಗದಲ್ಲಿಡಿ. ಅದು ಬಿಡುವ ಆಮ್ಲದ ಆವಿ ಪಕ್ಕದವನ್ನೂ ತಿನ್ನುತ್ತದೆ. ಬ್ಯಾಡ್ಜ್ ಇಡುವ ತಟ್ಟೆಗೆ ಪಾಲಿಥೀನ್ ಫೋಮ್ ಸರಿ, ಪಾಲಿಯುರೇಥೇನ್ ಸ್ಪಂಜು ಪುಡಿಯಾಗುತ್ತದೆ.

ಧ್ವನಿಸುರುಳಿ ಉತ್ತರಿಸಿದ್ದು:

ಟೇಪ್ ಹಾಕಿ ಕೇಳುವ ಮೊದಲು ನೋಡಿ, ಮೂಸಿ. ರೀಲನ್ನು ಬೆಳಕಿಗೆ ಹಿಡಿದಾಗ ಅಂಚಿನಿಂದ ಬೆಳಕು ಹಾದರೆ ಟೇಪಿನ ಪಟ್ಟಿ ಸಾಮಾನ್ಯವಾಗಿ ಅಸಿಟೇಟ್ ಎಂಬ ಹಳೆಯ ಪ್ಲಾಸ್ಟಿಕ್ಕಿನದು, ಹಾಯದಿದ್ದರೆ ಪಾಲಿಯೆಸ್ಟರಿನದು. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ, ಅದನ್ನು ಮೊದಲ ಸರದಿಗೆ ಹಾಕಿ. 1970, 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪ್‌ಗಳಲ್ಲಿ ಬೈಂಡರ್ (ಕಾಂತೀಯ ಪುಡಿಯನ್ನು ಟೇಪಿಗೆ ಹಿಡಿದಿಡುವ ಅಂಟು) ತೇವ ಹೀರಿ ಅಂಟಂಟಾಗಿರುತ್ತದೆ. ಹಾಗೇ ಓಡಿಸಿದರೆ ಕಿರುಗುಟ್ಟಿ ನಿಲ್ಲುತ್ತದೆ, ಧ್ವನಿಯಿರುವ ಪದರವೇ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂಥವನ್ನು ನಿಯಂತ್ರಿತ ಓವನ್ನಿನಲ್ಲಿ ಸುಮಾರು 50ರಿಂದ 54 ಡಿಗ್ರಿಯಲ್ಲಿ 8 ಗಂಟೆ ಅಥವಾ ಹೆಚ್ಚು ಒಣಗಿಸಿ ತಾತ್ಕಾಲಿಕವಾಗಿ ಸರಿಪಡಿಸುತ್ತಾರೆ. ಇದು ಅನುಭವಿಗಳ ಕೆಲಸ, ಅಸಿಟೇಟಿಗೆ ಮಾಡಲೇಬಾರದು.

ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಗ ಮೇಲೆ ಮತ್ತೊಂದು ರೆಕಾರ್ಡ್ ಆಗುವ ಭಯವಿಲ್ಲ. ಡಿಜಿಟಲ್ ಮೂಲಪ್ರತಿ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ ಆಗಿರಲಿ. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ. ಗದ್ದಲ ತೆಗೆಯುವ ಫಿಲ್ಟರ್ ಮೂಲಪ್ರತಿಗೆ ಹಾಕಬೇಡಿ, ಭಾಷಣಕ್ಕೆ ಮುಂಚಿನ ಘೋಷಣೆ, ಮೈಕ್ ಪರೀಕ್ಷೆ, ಜನರ ಕೂಗನ್ನು ಕತ್ತರಿಸಬೇಡಿ. ಮುದ್ರಿತ ಭಾಷಣ ಬೇರೆಡೆ ಸಿಗಬಹುದು, ಯಾವ ಸಾಲಿಗೆ ಜನ ಕೂಗಿದರು ಎಂಬುದು ಟೇಪಿನಲ್ಲಿ ಮಾತ್ರ ಇರುತ್ತದೆ. ಪ್ರತಿ ಫೈಲಿಗೆ ಚೆಕ್‌ಸಮ್ (ಫೈಲು ಬದಲಾಗಿದೆಯೇ ಎಂದು ಪರೀಕ್ಷಿಸಲು ಅದರಿಂದಲೇ ಲೆಕ್ಕಹಾಕಿದ ಸಂಕೇತ) ಬರೆದಿಟ್ಟು, ಮೂರು ಪ್ರತಿಗಳಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿಡಿ.

ದಾಖಲೆಪೆಟ್ಟಿಗೆ:

ಎಲ್ಲರಿಗೂ ಕೃತಜ್ಞತೆಗಳು. ಒಂದೇ ಪಕ್ಷದ ಸಂಗ್ರಹ ಎಂಬ ತೊಡಕು ಮತ್ತು ತಾರೀಖಿಲ್ಲದ ಪೋಸ್ಟರ್‌ಗಳ ಬಗ್ಗೆ ಯಾರಾದರೂ ಹೇಳುವಿರಾ?

ಆಕರಶೋಧ ಉತ್ತರಿಸಿದ್ದು:

ಒಬ್ಬ ದಾನಿಯ ಸಂಗ್ರಹ ಏಕಪಕ್ಷೀಯವಾಗಿರುವುದು ಸಹಜ, ಅದನ್ನು ಸಮತೋಲನಕ್ಕೆಂದು ಜರಡಿ ಹಿಡಿಯಬೇಡಿ. ಮ್ಯೂಸಿಯಂನ ಒಟ್ಟು ಸಂಗ್ರಹ ಏಕಪಕ್ಷೀಯವಾದರೆ ತಪ್ಪು. ಹಾಗಾಗಿ ಸಂಗ್ರಹ ನೀತಿಯನ್ನು ಬರೆದಿಡಿ: ಗೆದ್ದವರು, ಸೋತವರು, ಪಕ್ಷೇತರರು, ಬಹಿಷ್ಕರಿಸಿದವರು, ಜೊತೆಗೆ ಚುನಾವಣೆ ನಡೆಸಿದ ಸಿಬ್ಬಂದಿಯ ಸಾಮಗ್ರಿ ಎಲ್ಲವೂ ಅದರಲ್ಲಿ ಬರಲಿ. ಇಂದಿನದನ್ನೂ ಇಂದೇ ಸಂಗ್ರಹಿಸಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2014ರಲ್ಲಿ ತ್ವರಿತ ಸಂಗ್ರಹಣೆಗೆಂದೇ ಒಂದು ಕ್ರಮ ಶುರುಮಾಡಿತು. ಮೆರವಣಿಗೆಯ ಫಲಕಗಳು ಮರುದಿನವೇ ಕಸಕ್ಕೆ ಹೋಗುತ್ತವೆ.

ತಾರೀಖಿಲ್ಲದ ಪೋಸ್ಟರಿನಲ್ಲಿ ಮೊದಲು ಕೆಳಗಿನ ಅಂಚು ನೋಡಿ. ಚುನಾವಣಾ ಸಾಮಗ್ರಿಯಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕೆಂಬ ಕಾನೂನು ಹಲವು ದೇಶಗಳಲ್ಲಿದೆ. ಆ ಮುದ್ರಣಾಲಯ ಆ ವಿಳಾಸದಲ್ಲಿ ಯಾವಾಗಿತ್ತು, ಫೋನ್ ನಂಬರಿಗೆ ಎಷ್ಟು ಅಂಕಿ, ಅಭ್ಯರ್ಥಿ ಆ ಕ್ಷೇತ್ರದಲ್ಲಿ ಯಾವ ವರ್ಷಗಳಲ್ಲಿ ನಿಂತಿದ್ದರು ಎಂಬುದನ್ನು ಜೋಡಿಸಿದರೆ ವರ್ಷ ಸಾಮಾನ್ಯವಾಗಿ ಸಿಗುತ್ತದೆ. ಊಹಿಸಿದ ವರ್ಷವನ್ನು ಊಹೆ ಎಂದೇ ಬರೆದು, ಪಕ್ಕದಲ್ಲಿ ಆಧಾರ ಕೊಡಿ. ಘೋಷಣೆಯನ್ನು ಕಾಗುಣಿತ ತಪ್ಪಿದ್ದರೂ ಇದ್ದಂತೆಯೇ ನಕಲಿಸಿ, ನಿಮ್ಮ ವಿವರಣೆ ಬೇರೆ ಕಾಲಂನಲ್ಲಿರಲಿ.

ಸದಸ್ಯರ ಪಟ್ಟಿ, ಗುರುತು ಹಾಕಿದ ಮತದಾರರ ಪಟ್ಟಿ, ಖಾಸಗಿ ಪತ್ರಗಳನ್ನು ಆನ್‌ಲೈನಿಗೆ ಹಾಕುವ ಮುನ್ನ ಮುಚ್ಚಿದ ವರ್ಗಕ್ಕೆ ಸೇರಿಸಿ. ಚಲಾವಣೆಯಾದ ಮತಪತ್ರ ಟ್ರಂಕಿನಲ್ಲಿ ಸಿಕ್ಕಿದರೆ ನೋಂದಾಯಿಸುವ ಮೊದಲು ವಕೀಲರನ್ನು ಕೇಳಿ. ಮಾದರಿ ಮತಪತ್ರಗಳಿಗೆ ಆ ತೊಂದರೆಯಿಲ್ಲ.

ದಾನಿಯ ಜೊತೆ ಕುಳಿತು ಸಂದರ್ಶನ ರೆಕಾರ್ಡ್ ಮಾಡುವುದನ್ನು ಮುಂದೂಡಬೇಡಿ. ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಆಗಲಿ. ಅವರ ಅಭಿಪ್ರಾಯಕ್ಕಿಂತ ಮುಂಚೆ ವಸ್ತುವಿನ ಬಗ್ಗೆ ಕೇಳಿ: ಬರೆದವರು ಯಾರು, ಎಷ್ಟು ಪ್ರತಿ ಅಚ್ಚಾಯಿತು, ದುಡ್ಡು ಕೊಟ್ಟವರು ಯಾರು, ಎಲ್ಲಿ ಅಂಟಿಸಿದರು, ಇದೊಂದು ಹೇಗೆ ಉಳಿಯಿತು. ಪ್ರತಿ ವಸ್ತು ಕೈಗೆತ್ತಿಕೊಂಡಾಗಲೂ ಅದರ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಮುಂದುವರಿಯಿರಿ. ಇಲ್ಲವಾದರೆ ಹತ್ತು ವರ್ಷದ ನಂತರ ಆ ಧ್ವನಿಯಲ್ಲಿ "ಇದು", "ಅದು" ಎಂದಷ್ಟೇ ಕೇಳಿಸುತ್ತದೆ, ಯಾವ ಪೋಸ್ಟರ್ ಎಂದು ಗೊತ್ತಾಗುವುದಿಲ್ಲ.