‘ಶಾರ್ಟ್ ಆಗೈತಿ’, ‘ರಿಟರ್ನ್ ಬರಾಕತ್ತೈತಿ’: ಮನೆ ಕರೆಂಟು ಕೆಟ್ಟಾಗ ನಿಮ್ಮ ಕಡೆ ಏನಂತೀರಿ?

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವನು. ಇಲ್ಲಿ ಮಗ್ಗದ ಮನೆಗಳೇ ಜಾಸ್ತಿ. ಮುಂದೆ ಪವರ್‌ಲೂಮ್, ಹಿಂದೆ ಅಡುಗೆಮನೆ. ಮೂರು ಫೇಸಿನ ಕರೆಂಟೂ ಸಿಂಗಲ್ ಫೇಸಿನ ಕರೆಂಟೂ ಒಂದೇ ಸೂರಿನಡಿ. ಹಾಗಾಗಿ ಮೋಟಾರ್ ವೈಂಡಿಂಗ್ ಮಾಡುವವರ ಮಾತು ಮನೆಮಂದಿಯ ಬಾಯಿಗೂ ಬಂದಿದೆ.

ಪರಿಚಯದ ವೈರ್‌ಮನ್ ಒಬ್ಬರ ಜೊತೆ ಕೂತು ಒಂದು ಪುಟದ ಹಾಳೆ ಬರೆಯುತ್ತಿದ್ದೇನೆ. ಮನೆಯಲ್ಲಿ ಕರೆಂಟು ಕೆಟ್ಟರೆ ಫೋನಿನಲ್ಲಿ ಏನಂತ ಹೇಳಬೇಕು, ಆ ಹೊತ್ತಿಗೆ ಏನು ಮುಟ್ಟಬಾರದು, ಇಷ್ಟೇ ಅದರಲ್ಲಿ. ಬರೆಯಲು ಕೂತಾಗ ಪದಗಳ ತೊಡಕು ಎದುರಾಯಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ‘ಶಾರ್ಟ್’. ನಮ್ಮಲ್ಲಿ ಏನೇ ಆದರೂ ‘ಶಾರ್ಟ್ ಆಗೈತ್ರಿ, ಲಗೂನ ಬರ್ರಿ’ ಅಂತ ಫೋನ್ ಹೋಗುತ್ತದೆ. ಪ್ಲಗ್ಗಿನಿಂದ ಸುಟ್ಟ ವಾಸನೆ ಬಂದರೂ ಶಾರ್ಟ್, ಗ್ರೈಂಡರ್ ಮುಟ್ಟಿದಾಗ ಝುಂ ಅಂದರೂ ಶಾರ್ಟ್, ಗೀಜರ್ ಹಚ್ಚಿದ ಸ್ವಲ್ಪ ಹೊತ್ತಿಗೆ ಕರೆಂಟು ಹೋದರೂ ಶಾರ್ಟ್. ವೈರ್‌ಮನ್ನರ ಬಾಯಲ್ಲಿ ಈ ಪದಕ್ಕೆ ಒಂದೇ ಅರ್ಥ. ಕರೆಂಟು ತರುವ ಫೇಸ್ ವೈರು, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರು, ಇವೆರಡು ನಡುವೆ ಯಾವ ಬಲ್ಬು, ಫ್ಯಾನೂ ಇಲ್ಲದೆ ನೇರವಾಗಿ ಕೂಡುವುದು. ಅದಕ್ಕೇ ಅವರು ಮೊದಲು ಕೇಳುವ ಪ್ರಶ್ನೆ: ‘ಅಕ್ಕಾರ, ಎಂಸಿಬಿ ಎತ್ತಿದ ಕೂಡಲೇ ಬೀಳತೈತೋ, ತಡದು ಬೀಳತೈತೋ?’ ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಂದ್ ಆಗುವ ಸ್ವಿಚ್.

ಈ ಪ್ರಶ್ನೆ ನನಗೆ ತುಂಬಾ ಹಿಡಿಸಿದೆ. ಅರ್ಧ ಉತ್ತರ ಅದರೊಳಗೇ ಇದೆ. ಎತ್ತಿದ ಕೂಡಲೇ ಬಿದ್ದರೆ ಶಾರ್ಟ್ ಇರಬೇಕು. ಎಂಸಿಬಿಯ ಒಳಗಿನ ಕಾಯಿಲ್ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಬೀಳಿಸುತ್ತದೆ. ತಡೆದು ಬಿದ್ದರೆ ಲೋಡ್ ಜಾಸ್ತಿ. 2000 ವ್ಯಾಟಿನ ಗೀಜರನ್ನೂ 1500 ವ್ಯಾಟಿನ ನೀರು ಕಾಯಿಸುವ ಕಾಯಿಲನ್ನೂ ಒಂದೇ ಲೈನಿಗೆ ಹಾಕಿ ನೋಡಿ. 230 ವೋಲ್ಟಿನಲ್ಲಿ 15 ಆಂಪಿಯರ್ ದಾಟುತ್ತದೆ. 10 ಆಂಪಿಯರಿನ ಎಂಸಿಬಿ ಸ್ವಲ್ಪ ಹೊತ್ತು ತಾಳುತ್ತದೆ. ಒಳಗಿನ ಲೋಹದ ಪಟ್ಟಿ ಕಾದು ಬಾಗಿದ ಮೇಲೆ ಬೀಳುತ್ತದೆ. ಆಗ ವೈರ್ ಕಿತ್ತು ಹುಡುಕುವ ಕೆಲಸವಿಲ್ಲ, ಒಂದನ್ನು ಬೇರೆ ಲೈನಿಗೆ ಹಾಕಿದರೆ ಸಾಕು. ಹಾಗೆಂದು ಬಿದ್ದ ಎಂಸಿಬಿಯನ್ನು ಮತ್ತೆ ಮತ್ತೆ ಎತ್ತಬಾರದು, ದೊಡ್ಡ ಆಂಪಿಯರಿನದನ್ನು ಹಾಕಿಸಲೂಬಾರದು. ಗೋಡೆಯೊಳಗಿನ ವೈರು ಅದೇ ಹಳೆಯದು, ಅದು ಬಿಸಿಯಾಗುತ್ತದೆ.

ಇಲ್ಲಿ ಕ್ರಿಯಾಪದಗಳನ್ನು ಗಮನಿಸಿ. ಎಂಸಿಬಿ ‘ಬೀಳತೈತಿ’, ಅದನ್ನು ‘ಎತ್ತತಾರ’. ಹಳೆಯ ಮನೆಗಳ ಬಿಳಿ ಪಿಂಗಾಣಿ ಕಟೌಟಿನಲ್ಲಿ ಫ್ಯೂಸ್ ‘ಹಾರತೈತಿ’, ಅದನ್ನು ‘ಕಟ್ಟತಾರ’. ಕಟೌಟು ಎಳೆದಾಗ ಪಿಂಗಾಣಿಗೆ ಕಪ್ಪು ಮಸಿ ಮೆತ್ತಿ, ತಾಮ್ರದ ಸಣ್ಣ ಹನಿಗಳು ಸಿಡಿದಿದ್ದರೆ ನಮ್ಮ ವೈರ್‌ಮನ್ ‘ಇದು ಹಾರಿದ್ದು’ ಅಂತಾರೆ. ಮಸಿ ಇಲ್ಲದೆ ತಂತಿ ನಡುವೆ ಮಾತ್ರ ಕರಗಿ ತುಂಡಾಗಿದ್ದರೆ ‘ಇದು ಹಾರಿಲ್ಲ, ಸೋತೈತಿ’ ಅಂತಾರೆ. ಮೊದಲನೆಯದು ಶಾರ್ಟಿನ ಗುರುತು, ಎರಡನೆಯದು ಲೋಡಿನ ಗುರುತು. ‘ಸೋಲು’ ಅನ್ನುವ ಬಳಕೆ ಅವರೊಬ್ಬರದೋ, ಊರಿನದೋ, ಇನ್ನೂ ದೊಡ್ಡ ಸೀಮೆಯದೋ? ಜಮಖಂಡಿ, ಮುಧೋಳ, ಅಥಣಿ ಕಡೆಯವರು ಹೇಳಬೇಕು.

ಸೋರಿಕೆಗೆ ನಮ್ಮಲ್ಲಿ ‘ಬಾಡಿ ಆಗೈತಿ’ ಅನ್ನುವ ಮಾತಿದೆ. ಫೇಸ್ ವೈರಿನ ಕವಚ ಸವೆದು ಯಂತ್ರದ ಹೊರಮೈಗೆ ಕರೆಂಟು ಬರುವುದು. ಇದು ಮೋಟಾರಿನವರ ಮಾತು, ಈಗ ಮಿಕ್ಸರ್, ವಾಷಿಂಗ್ ಮಷೀನಿಗೂ ಬಂದಿದೆ. ಸಣ್ಣ ಸೋರಿಕೆ ಎಂಸಿಬಿಗೆ ತಿಳಿಯುವುದಿಲ್ಲ. ಮನೆಗೆ ಹಾಕಿಸುವ ಆರ್‌ಸಿಸಿಬಿ ಅನ್ನುವ ಸೋರಿಕೆ ಹಿಡಿಯುವ ಸ್ವಿಚ್ 30 ಮಿಲಿ ಆಂಪಿಯರ್ ಸೋರಿದರೂ ಬೀಳುತ್ತದೆ. ಹಾಗಾಗಿ ಬಿದ್ದದ್ದು ಯಾವುದು ಅನ್ನುವುದನ್ನೂ ಹಾಳೆಯಲ್ಲಿ ಕೇಳಿದ್ದೇವೆ. ಹೆಂಗಸರು ‘ಝುಂ ಅಂತೈತಿ’ ಅಂದರೆ ವೈರ್‌ಮನ್ನರಿಗೆ ಅದೇ ಸಾಕು, ‘ಬಾಡಿ’ ಕಲಿಸುವುದು ಬೇಡ ಅನ್ನಿಸಿ ‘ಝುಂ’ ಅನ್ನೇ ಉಳಿಸಿದೆವು.

ಈಗ ನನ್ನ ಮುಖ್ಯ ಪ್ರಶ್ನೆ, ‘ರಿಟರ್ನ್’.

ಅಡುಗೆಮನೆಯ ಬೋರ್ಡಿನಲ್ಲಿ ಲೈಟ್ ಹತ್ತವಲ್ದು, ಫ್ಯಾನ್ ತಿರಗವಲ್ದು ಅಂದುಕೊಳ್ಳಿ. ಎಂಸಿಬಿ ಎತ್ತಿಯೇ ಇದೆ. ವೈರ್‌ಮನ್ ಬಂದು ಪ್ಲಗ್ಗಿನ ಫೇಸ್ ತೂತಿಗೆ ಟೆಸ್ಟರ್ ಇಡುತ್ತಾರೆ, ಹತ್ತುತ್ತದೆ. ನ್ಯೂಟ್ರಲ್ ತೂತಿಗೆ ಇಡುತ್ತಾರೆ, ಅಲ್ಲೂ ಹತ್ತುತ್ತದೆ! ಆದರೆ ಟೆಸ್ಟ್ ಲ್ಯಾಂಪಿನ ಎರಡು ತುದಿ ಎರಡು ತೂತಿಗೆ ಕೊಟ್ಟರೆ ಬಲ್ಬು ಹತ್ತುವುದಿಲ್ಲ. ಆಗ ಅವರು ‘ರಿಟರ್ನ್ ಬರಾಕತ್ತೈತಿ’ ಅಂತಾರೆ. ಹಿಂದೆ ಎಲ್ಲೋ ನ್ಯೂಟ್ರಲ್ ವೈರು ಕಡಿದಿದೆ. ಸ್ವಿಚ್ ಹಾಕಿಯೇ ಇದ್ದ ಬಲ್ಬು ಅಥವಾ ಫ್ಯಾನಿನ ಮೂಲಕ ಫೇಸು ದಾಟಿ ನ್ಯೂಟ್ರಲ್ ಕಡೆಗೆ ಬಂದು ನಿಂತಿದೆ, ಮುಂದೆ ಹೋಗಲು ದಾರಿ ಇಲ್ಲ. ಆ ಲೈನಿನ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತರೆ ನ್ಯೂಟ್ರಲ್ ತೂತಿನ ಬೆಳಕು ಹೋಗುತ್ತದೆ. ಹೋಗದೆ ಜೋರಾಗಿಯೇ ಇದ್ದರೆ ಫೇಸ್ ವೈರೇ ಎಲ್ಲೋ ಅದಕ್ಕೆ ತಾಗಿದೆ. ಮಂದ ಬೆಳಕನ್ನು ನಂಬಬಾರದು, ಪಕ್ಕದ ವೈರಿನ ಪ್ರಭಾವಕ್ಕೂ ಟೆಸ್ಟರ್ ಮಿಣುಗುತ್ತದೆ.

ಇದಕ್ಕೆ ‘ರಿಟರ್ನ್’ ಸರಿಯಾದ ಪದವೇ ಅನ್ನುವುದು ನನ್ನ ಅನುಮಾನ. ವಾಪಸ್ ಹೋಗಲು ಆಗದೆ ನಿಂತ ಕರೆಂಟನ್ನು ‘ರಿಟರ್ನ್ ಬಂತು’ ಅಂದರೆ ಹೊಸಬರಿಗೆ ಉಲ್ಟಾ ಅರ್ಥ ಆಗಲ್ವಾ? ಆದರೂ ಈ ದೋಷಕ್ಕೆ ಒಂದು ಪದ ಬೇಕೇ ಬೇಕು. ಕಾರಣ ಇದು. ಮನೆಯವರು ಇಂಥ ಹೊತ್ತಿನಲ್ಲಿ ಹೇಳುವುದು ‘ಕರೆಂಟ್ ಇಲ್ಲ’ ಅಂತ. ಲೈಟ್ ಹತ್ತದ ಕಡೆ ಕರೆಂಟಿಲ್ಲ ಅಂತ ಧೈರ್ಯವಾಗಿ ಹೋಲ್ಡರಿಗೆ ಕೈ ಹಾಕುತ್ತಾರೆ. ಕಡಿದ ನ್ಯೂಟ್ರಲ್ಲಿನ ಈಚೆ ತುದಿ ಫೇಸಿನಷ್ಟೇ ಹೊಡೆಯುತ್ತದೆ. ಶಾಲೆಯ ಪುಸ್ತಕದ ‘ತಟಸ್ಥ ತಂತಿ’ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಏನೂ ಮಾಡದ ತಂತಿ ಅಂತ ಅನ್ನಿಸುತ್ತದೆ. ಹಾಳೆಯಲ್ಲಿ ಸದ್ಯಕ್ಕೆ ‘ಕರೆಂಟ್ ನಿಂತೈತಿ, ಹೋಗಿಲ್ಲ’ ಅಂತ ಬರೆದಿದ್ದೇನೆ. ಅದೂ ತೊಡಕೇ. ಕರೆಂಟ್ ನಿಂತಿತು ಅಂದರೆ ಬಂದ್ ಆಯಿತು ಅಂತಲೂ ಅರ್ಥ ಬರುತ್ತದೆ. ಕೈ ಹಿಂದಕ್ಕೆ ಎಳೆಯುವಂತೆ ಮಾಡುವ ಒಂದು ಸಣ್ಣ ಮಾತು ನಿಮ್ಮ ಕಡೆ ಇದೆಯಾ?

ಇದರ ಅಣ್ಣ ಅನ್ನಬಹುದಾದ ದೋಷ ಇನ್ನೊಂದಿದೆ. ಮೂರು ಫೇಸಿನ ಮನೆಯಲ್ಲಿ ಮುಖ್ಯ ನ್ಯೂಟ್ರಲ್ಲೇ ಸಡಿಲಾಗುವುದು. ಒಂದು ಕೋಣೆಯ ಬಲ್ಬು ಕಣ್ಣು ಕುಕ್ಕುತ್ತದೆ, ಇನ್ನೊಂದು ಕೋಣೆಯದು ಮಿಣಿಮಿಣಿ. 230 ವೋಲ್ಟ್ ಬರಬೇಕಾದಲ್ಲಿ 300 ದಾಟಬಹುದು, 400ರ ಹತ್ತಿರವೂ ಹೋಗಬಹುದು. ಟಿವಿ, ಫ್ರಿಜ್ ಸುಡುವುದು ಹೀಗೆಯೇ. ಇದಕ್ಕೆ ಕೆಲವರು ‘ಹೈ ವೋಲ್ಟೇಜ್ ಬಂತು’ ಅಂತಾರೆ, ಮಗ್ಗದವರು ‘ಸಿಂಗಲ್ ಫೇಸ್ ಆಗೈತಿ’ ಅಂತಾರೆ. ಎರಡನೆಯದಕ್ಕೆ ಬೇರೆಯೇ ಅರ್ಥ ಇದೆ. ಮೂರರಲ್ಲಿ ಒಂದು ಫೇಸ್ ಹೋಗಿ ಮೋಟಾರ್ ತಿರುಗದೆ ಗುಂಯ್‌ಗುಡುವುದು ಅದು. ಬಲ್ಬು ಹೀಗೆ ಒಂದು ಕಡೆ ಜೋರು, ಒಂದು ಕಡೆ ಮಂದ ಆದಾಗ ಮೊದಲು ಮೇನ್ ಬಂದ್ ಮಾಡಿ, ಆಮೇಲೆ ಪಕ್ಕದ ಮನೆ ನೋಡಿ ಅಂತ ಬರೆದಿದ್ದೇವೆ. ಗಲ್ಲಿಗೆಲ್ಲ ಹಾಗೇ ಇದ್ದರೆ ಕರೆಂಟು ಕಂಪನಿ ಹೆಸ್ಕಾಂನ 1912ಕ್ಕೆ ಫೋನ್, ನಿಮ್ಮ ಮನೆಗಷ್ಟೇ ಆದರೆ ವೈರ್‌ಮನ್. ಆದರೆ ದೋಷಕ್ಕೆ ಹೆಸರಿಲ್ಲದೆ ಇಡೀ ಸಾಲು ಉದ್ದವಾಗಿದೆ.

‘ಲೂಸ್ ಕಾಂಟ್ಯಾಕ್ಟ್’ ಬಗ್ಗೆ ಚರ್ಚೆ ಬೇಡ. ಅದು ಎಲ್ಲರಿಗೂ ಗೊತ್ತು, ‘ಹತ್ತಿ ಆರತೈತಿ, ಚಟಚಟ ಅಂತೈತಿ’ ಅಂದರೆ ಮುಗಿಯಿತು. ಶಾರ್ಟಿಗೆ ‘ಹ್ರಸ್ವಮಂಡಲ’ದಂಥ ಪದಗಳನ್ನು ದಯವಿಟ್ಟು ಸೂಚಿಸಬೇಡಿ. ಅವಕ್ಕೆ ಪರೀಕ್ಷೆಯ ಹಾಳೆಯಲ್ಲಿ ಜಾಗ ಇದೆ. ಕತ್ತಲಲ್ಲಿ ನಿಂತು ಫೋನ್ ಮಾಡುವವರ ಬಾಯಿಗೆ ಅವು ಬರುವುದಿಲ್ಲ.

ವಿಜಯಪುರ, ಇಂಡಿ ಕಡೆಯ ಪಂಪ್‌ಸೆಟ್ಟಿನ ರೈತರು, ಇಳಕಲ್ಲು, ಗುಳೇದಗುಡ್ಡದ ನೇಕಾರರು ನ್ಯೂಟ್ರಲ್ ಹೋದದ್ದಕ್ಕೆ ಏನಂತಾರೆ? ಬೆಳಗಾವಿ, ನಿಪ್ಪಾಣಿಯಲ್ಲಿ ಮರಾಠಿ ಮಾತಾಡುವ ಮಿಸ್ತ್ರಿಗಳ ಹತ್ತಿರ ಕೆಲಸ ಕಲಿತವರ ಬಾಯಲ್ಲಿ ಬೇರೆ ಪದ ಇದೆಯಾ? ಪದ ಬರೆಯುವಾಗ ಊರಿನ ಹೆಸರು ಹಾಕಿ. ಅದನ್ನು ಹೇಳಿದ್ದು ವೈರ್‌ಮನ್ನೋ ಮನೆಯವರೋ ಅನ್ನುವುದನ್ನೂ ಬರೆಯಿರಿ.