ವಿಜ್ಞಾನ ಮತ್ತು ಪರಿಸರ ಶಿಕ್ಷಕರು ಕೊಡಗಿನಲ್ಲಿದ್ದುಕೊಂಡು ಯಾವ ತರಬೇತಿಗೆ ಸಮಯ ಕೊಡಬೇಕು?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ವಿಜ್ಞಾನ ಬೋಧಿಸುತ್ತಿದ್ದೇನೆ. ಶಾಲೆಯ ಇಕೋ ಕ್ಲಬ್ಬಿನ ಹೊಣೆಯೂ ನನ್ನದೇ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದಲ್ಲಿ ಶಿಕ್ಷಕರಿಗೆಂದು ಇರುವ ನಿಷ್ಠಾ ಕೋರ್ಸುಗಳನ್ನು ಮುಗಿಸಿ ಪ್ರಮಾಣಪತ್ರ ಪಡೆದಿದ್ದೇನೆ, ಇಲಾಖೆ ಕರೆದ ವಿಷಯವಾರು ತರಬೇತಿಗಳಿಗೂ ಹೋಗಿ ಬಂದಿದ್ದೇನೆ. ಅವುಗಳಿಂದ ಏನೂ ಪ್ರಯೋಜನವಾಗಲಿಲ್ಲ ಎಂದು ಹೇಳಲಾರೆ. ಆದರೆ ಮಕ್ಕಳು ಕೇಳುವ ಪ್ರಶ್ನೆಗಳ ಮುಂದೆ ಅವು ಸಾಲುತ್ತಿಲ್ಲ. ಪಾಠದ ನಡುವೆ 2018ರ ಆಗಸ್ಟ್‌ನ ಭೂಕುಸಿತದ ಮಾತು ಬಂದಾಗ, ಒಂದೇ ಮಳೆ ಎರಡು ಗುಡ್ಡಗಳ ಮೇಲೂ ಬಿದ್ದಿರುವಾಗ ಒಂದು ಜಾರಿ ಇನ್ನೊಂದು ನಿಂತದ್ದು ಏಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪಠ್ಯಪುಸ್ತಕದ ಮಣ್ಣಿನ ಸವಕಳಿಯ ಪಾಠ ಆ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಬೇಸಿಗೆ ರಜೆಯಲ್ಲಿ ಅಥವಾ ದಸರಾ ರಜೆಯಲ್ಲಿ ನನ್ನದೇ ಖರ್ಚಿನಲ್ಲಿ ಹೋಗಿ ಕಲಿಯಲು ಸಿದ್ಧಳಿದ್ದೇನೆ. ಶಾಲಾ ದಿನಗಳಲ್ಲಿ ಓಓಡಿ (ಬೇರೆ ಕರ್ತವ್ಯದ ಮೇಲೆ ಶಾಲೆಯಿಂದ ಹೊರಹೋಗಲು ಅನುಮತಿ) ಸಿಗುವುದು ಸುಲಭವಲ್ಲ, ಮಳೆಗಾಲದಲ್ಲಿ ನಮ್ಮ ಕಡೆಯಿಂದ ಮಡಿಕೇರಿಗೆ ಹೋಗಿಬರುವುದೇ ಕಷ್ಟ. ಈ ಮಿತಿಯೊಳಗೆ, ತರಗತಿಯಲ್ಲಿ ನಿಜವಾಗಿ ವ್ಯತ್ಯಾಸ ತರುವಂಥ ಅವಕಾಶಗಳು ಯಾವುವು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕ, ಕುಶಾಲನಗರ

ಮೇಡಂ, ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎಂದಿದೆ. ಈ 50 ಗಂಟೆಯ ಮಾತು ಎಲ್ಲರ ಬಾಯಲ್ಲೂ ಇದೆ; ಆ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಬೇಕು ಎಂದು ಅದೇ ವಾಕ್ಯದಲ್ಲಿ ಹೇಳಿರುವುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮಗೆ ಬೇಕಾದ ವಿಷಯ ಇದು ಎಂದು ಬರೆದುಕೊಡಲು ನಿಮಗೆ ಆಧಾರವಿದೆ. ಕೂಡಿಗೆಯ ಡಯಟ್‌ಗೆ ನಾಲ್ಕೈದು ವಿಜ್ಞಾನ ಶಿಕ್ಷಕರು ಸೇರಿ, ಮುಖ್ಯ ಶಿಕ್ಷಕರ ಮೂಲಕ, ನಿರ್ದಿಷ್ಟ ವಿಷಯವನ್ನು ಹೆಸರಿಸಿ ಮನವಿ ಕೊಡಿ. ‘ವಿಜ್ಞಾನ ತರಬೇತಿ ಬೇಕು’ ಎಂಬ ಮನವಿಗೆ ಫಲ ಸಿಗುವುದು ಕಡಿಮೆ. ‘ಇಳಿಜಾರಿನ ಮಣ್ಣು, ನೀರು ಮತ್ತು ಕುಸಿತ’ ಎಂದು ಬರೆದರೆ ಯಾರನ್ನು ಕರೆಸಬೇಕೆಂದು ಅವರಿಗೂ ಸ್ಪಷ್ಟವಾಗುತ್ತದೆ.

ಇನ್ನು ಜಿಲ್ಲೆಯೊಳಗಿನ ಸಂಸ್ಥೆಗಳ ವಿಚಾರ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಉಪಕೇಂದ್ರವೂ ತೋಟಗಾರಿಕಾ ಸಂಶೋಧನಾ ಕೇಂದ್ರವೂ ಇವೆ, ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಇವು ಯಾವುವೂ ಶಿಕ್ಷಕರ ತರಬೇತಿಗೆಂದು ಹುಟ್ಟಿದ ಸಂಸ್ಥೆಗಳಲ್ಲ, ಹಾಗಾಗಿ ನಮ್ಮ ತರಬೇತಿ ಪಟ್ಟಿಗಳಲ್ಲಿ ಇವುಗಳ ಹೆಸರು ಕಾಣುವುದಿಲ್ಲ. ಆದರೆ ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಮಣ್ಣು, ಮರ, ಕೀಟ, ಬೆಳೆರೋಗಗಳನ್ನು ಬಲ್ಲ ಇಷ್ಟು ವಿಜ್ಞಾನಿಗಳು ಇರುವಾಗ ಅವರ ಬಳಿಗೆ ಹೋಗದಿರುವುದು ನನಗೆ ಬಹಳ ನೋವಿನ ಸಂಗತಿ. ಅವರನ್ನು ಭಾಷಣಕ್ಕೆ ಕರೆಯಬೇಡಿ. ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅವರ ಪ್ರಯೋಗಾಲಯದಲ್ಲಿ ಅಥವಾ ತಾಕಿನಲ್ಲಿ ಅರ್ಧ ದಿನ ಜೊತೆಗಿರಲು ಅನುಮತಿ ಕೇಳಿ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಏರಿದಂತೆ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನ ಬುಡವನ್ನು ರಸ್ತೆಗೋ ಮನೆಯ ನಿವೇಶನಕ್ಕೋ ನೇರವಾಗಿ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಧಾರ ತಪ್ಪಿರುತ್ತದೆ. ಮಣ್ಣಿನ ಆಳ, ಅಡಿಬಂಡೆಯ ಸ್ವರೂಪ, ನೀರು ಹರಿದುಹೋಗುವ ದಾರಿ ಇವೆಲ್ಲ ಗುಡ್ಡದಿಂದ ಗುಡ್ಡಕ್ಕೆ ಬೇರೆಯಾಗಿರುವುದರಿಂದಲೇ ಒಂದೇ ಮಳೆಗೆ ಒಂದು ಜಾರಿ ಇನ್ನೊಂದು ನಿಲ್ಲುತ್ತದೆ. ಇದನ್ನು ಓದಿ ಹೇಳುವುದಕ್ಕೂ, ಮಣ್ಣು ಬಲ್ಲವರೊಬ್ಬರ ಜೊತೆ ಕಡಿದ ಗುಡ್ಡದ ಮುಂದೆ ನಿಂತು ಪದರಗಳನ್ನು ಮುಟ್ಟಿ ನೋಡಿ ಬಂದು ಹೇಳುವುದಕ್ಕೂ ತುಂಬ ಅಂತರವಿದೆ. ಅಲ್ಲಿಗೆ ಹೋಗುವುದು ಮಾತ್ರ ಮಳೆ ನಿಂತ ಮೇಲೆಯೇ ಇರಲಿ.

ಶಾಲೆಯಲ್ಲೇ ಆರಂಭಿಸಬಹುದಾದದ್ದು ಮಳೆಯ ದಾಖಲೆ. ನಮ್ಮ ಬೆಳೆಗಾರರ ಮನೆಗಳಲ್ಲಿ ಇಂಚು ಸೆಂಟುಗಳ ಲೆಕ್ಕದಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್, ಮನೆಯ ಲೆಕ್ಕವನ್ನು ಪಠ್ಯದ ಲೆಕ್ಕಕ್ಕೆ ಪರಿವರ್ತಿಸುವುದೇ ಎಂಟನೆಯ ತರಗತಿಗೆ ಒಳ್ಳೆಯ ಅಭ್ಯಾಸ. ಮಕ್ಕಳು ಬೇರೆ ಬೇರೆ ಅಳತೆಯ ನೇರ ಗೋಡೆಯ ಡಬ್ಬಗಳನ್ನು ಅಂಗಳದಲ್ಲಿಟ್ಟರೆ, ಅಗಲ ಬಾಯಿಯ ಡಬ್ಬದಲ್ಲಿ ನೀರು ಹೆಚ್ಚು ಸಂಗ್ರಹವಾದರೂ ಆಳ ಮಾತ್ರ ಒಂದೇ ಆಗಿರುವುದೇಕೆ ಎಂಬ ಚರ್ಚೆ ತಾನಾಗಿ ಏಳುತ್ತದೆ. ಪಕ್ಕದ ಮೂರು ಶಾಲೆಗಳ ಶಿಕ್ಷಕರು ಇದೇ ದಾಖಲೆಯನ್ನು ಇಟ್ಟು ತಿಂಗಳಿಗೊಮ್ಮೆ ಹೋಲಿಸಿದರೆ, ಅದನ್ನು ನಾನು ಯಾವ ಪ್ರಮಾಣಪತ್ರಕ್ಕಿಂತಲೂ ದೊಡ್ಡ ತರಬೇತಿ ಎಂದು ಪರಿಗಣಿಸುತ್ತೇನೆ.

ಉತ್ತರ 2: ಪ್ರಾಥಮಿಕ ಶಾಲಾ ಶಿಕ್ಷಕಿ, ಪೊನ್ನಂಪೇಟೆ ತಾಲ್ಲೂಕು

ನಮಸ್ಕಾರ ಮೇಡಂ. ನಾನು ಪರಿಸರ ಅಧ್ಯಯನ ಕಲಿಸುವವಳು. ನಮ್ಮ ಶಾಲೆಗೆ ಆದಿವಾಸಿಗಳ ಹಾಡಿಯಿಂದಲೂ ತೋಟದ ಕಾರ್ಮಿಕರ ಲೈನ್ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಜೇನುಕುರುಬರ ಮಕ್ಕಳು ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಗೂಡಿನಿಂದ, ಹಾರಾಟದಿಂದ, ಗೂಡು ಕಟ್ಟುವ ಜಾಗದಿಂದ ಬೇರ್ಪಡಿಸಿ ಹೇಳುತ್ತಾರೆ. ಪಠ್ಯದಲ್ಲಿ ಇರುವುದು ಜೇನುನೊಣ ಎಂಬ ಒಂದೇ ಹೆಸರು. ಮಕ್ಕಳಿಗೆ ಗೊತ್ತಿರುವುದನ್ನು ಕೇಳಿಸಿಕೊಂಡು ಅದನ್ನು ಪಾಠವಾಗಿ ಕಟ್ಟುವುದು ಹೇಗೆ ಎಂಬುದನ್ನು ಕಲಿಸುವ ತರಬೇತಿಯೇ ನಮಗೆ ಹೆಚ್ಚು ಅಗತ್ಯ ಎಂದು ನನ್ನ ಅನಿಸಿಕೆ, ಮತ್ತು ಅದು ಹೊರಗಿನಿಂದ ಬರುವುದು ಕಷ್ಟ. ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರ ಒಪ್ಪಿಗೆ ಪಡೆದು, ಸುತ್ತೋಲೆಗಳ ವಿಚಾರ ಮುಗಿದ ಮೇಲೆ ಒಬ್ಬ ಶಿಕ್ಷಕರು ತಾವು ಮಾಡಿಸಿದ ಒಂದು ಅವಲೋಕನವನ್ನು ಮಕ್ಕಳ ನೋಟ್‌ಬುಕ್ ಸಮೇತ ಮುಂದಿಡುವ ಕ್ರಮ ಇಟ್ಟುಕೊಂಡಿದ್ದೇವೆ. ಇದಕ್ಕೆ ಓಓಡಿಯೂ ಬೇಡ, ಖರ್ಚೂ ಇಲ್ಲ. ಆನೆ ಓಡಾಡುವ ದಾರಿಯಲ್ಲಿ ಮನೆ ಸೇರಬೇಕಾದವರು ನಮ್ಮಲ್ಲಿ ಹಲವರಿರುವುದರಿಂದ ಹೊತ್ತಿಗೆ ಮುಂಚೆ ಮುಗಿಸುತ್ತೇವೆ.

ನಾಗರಿಕ ವಿಜ್ಞಾನದ ಯೋಜನೆಗಳನ್ನೂ ನೋಡಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸೀಸನ್‌ವಾಚ್‌ನಲ್ಲಿ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿಗಳನ್ನು ದಾಖಲಿಸಬೇಕು. ಹಲಸು, ಮಾವು, ಕಕ್ಕೆ ನಮ್ಮ ಶಾಲೆಗಳ ಸುತ್ತ ಇದ್ದೇ ಇರುತ್ತವೆ. ಫೆಬ್ರವರಿಯಲ್ಲಿ ನಡೆಯುವ ಹಕ್ಕಿ ಎಣಿಕೆಯಲ್ಲಿ ಹದಿನೈದು ನಿಮಿಷ ನೋಡಿ ಪಟ್ಟಿ ಮಾಡಿದರೂ ಸಾಕು. ಎಲೆ ಹಣ್ಣಾಗಿದೆಯೋ ಒಣಗಿದೆಯೋ, ಹೂ ಮೊಗ್ಗೋ ಅರಳಿದ್ದೋ ಎಂದು ವಾರವಾರ ತೀರ್ಮಾನಿಸಬೇಕಾದಾಗ ಶಿಕ್ಷಕರ ಕಣ್ಣೂ ಹರಿತವಾಗುತ್ತದೆ.

ಉತ್ತರ 3: ಪ್ರೌಢಶಾಲಾ ಶಿಕ್ಷಕ, ಮಡಿಕೇರಿ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಸ್ಥಳೀಯ ಅವಲೋಕನ ಬಹಳ ಮುಖ್ಯ, ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ನಮ್ಮ ವಿಷಯಜ್ಞಾನವೇ ತೆಳುವಾಗಿದ್ದರೆ ಅವಲೋಕನ ಪಟ್ಟಿ ಮಾಡುವಲ್ಲಿಗೇ ನಿಂತುಬಿಡುತ್ತದೆ. ಜೀವಶಾಸ್ತ್ರ ಓದಿ ಬಂದವರು ವಿದ್ಯುತ್ತಿನ ಪಾಠವನ್ನೂ, ಭೌತಶಾಸ್ತ್ರ ಓದಿ ಬಂದವರು ಆನುವಂಶಿಕತೆಯ ಪಾಠವನ್ನೂ ಕಲಿಸಬೇಕಾದ ಸ್ಥಿತಿ ಎಷ್ಟೋ ಶಾಲೆಗಳಲ್ಲಿದೆ. ಆದ್ದರಿಂದ ಬೇಸಿಗೆ ರಜೆಯನ್ನು ವಿಷಯಜ್ಞಾನಕ್ಕೆ ಮೀಸಲಿಡಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವಿದೆ. ಅಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ವಸತಿಸಹಿತ ತರಬೇತಿ ಕೊಡುತ್ತಾರೆ, ಪ್ರಯೋಗಗಳನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ. ಶಿಕ್ಷಕರಿಗೆ ತರಬೇತಿ ಕೊಡುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ, ನಿಮ್ಮ ಕಡೆಯಿಂದಲೂ ಬಸ್ಸಿನಲ್ಲಿ ತಲುಪಬಹುದಾದ ಜಾಗ.

ಮಕ್ಕಳ ವಿಜ್ಞಾನ ಸಮಾವೇಶವನ್ನೂ ಶಿಕ್ಷಕರ ಕಲಿಕೆಯಾಗಿಯೇ ಕಾಣಬೇಕೆಂಬುದು ನನ್ನ ದೃಢ ಅಭಿಪ್ರಾಯ. 1993ರಿಂದ ನಡೆದುಬಂದಿರುವ ಈ ಕಾರ್ಯಕ್ರಮದಲ್ಲಿ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಬೇಕು, ಮಾರ್ಗದರ್ಶಿ ಶಿಕ್ಷಕರು ಜೊತೆಗಿರುತ್ತಾರೆ. ಹೋಲಿಕೆಗೆ ಇನ್ನೊಂದು ಮಾದರಿ ಎಲ್ಲಿ, ಎಷ್ಟು ಸಲ ಅಳೆದಿರಿ, ಬೇರೆ ಕಾರಣವಿರಬಹುದಲ್ಲವೇ ಎಂದು ತೀರ್ಪುಗಾರರು ಕೇಳುವಾಗ, ಮಕ್ಕಳಿಗಿಂತ ಹೆಚ್ಚಾಗಿ ಕಲಿಯುವವರು ನಾವು. ಅರೇಬಿಕಾ ಕಾಫಿ ಹಣ್ಣಿನ ಪಲ್ಪಿಂಗ್ (ಯಂತ್ರದಿಂದ ಸಿಪ್ಪೆ ಬಿಡಿಸುವ ಕೆಲಸ) ನಡೆಯುವ ದಿನಗಳಲ್ಲಿ ಹೊಳೆಯ ನೀರನ್ನು ಪಲ್ಪರಿನ ಮೇಲ್ಭಾಗದಿಂದಲೂ ಕೆಳಭಾಗದಿಂದಲೂ ತಂದು, ದಾಸವಾಳ ಹೂವಿನ ರಸದಿಂದ ಆಮ್ಲೀಯತೆಯನ್ನು ಹೋಲಿಸುವ ಅಧ್ಯಯನ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ತೋಟದ ಮಾಲೀಕರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆಯಿಂದಲೇ ಮಾಡಿ.

ಉತ್ತರ 4: ಕಾಫಿ ಬೆಳೆಗಾರ, ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ವಿರಾಜಪೇಟೆ

ಒಂದು ಸೇರ್ಪಡೆ ಮಾತ್ರ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅರೇಬಿಕಾ ಕಟ್ಟುತ್ತದೆ. ಹೂಮಳೆ ಬಿದ್ದು ಮೊಗ್ಗು ಉಬ್ಬುವಾಗಲೇ ಎರಡೂ ಜಾತಿಯ ಗಿಡಗಳಲ್ಲಿ ಕೆಲವು ರೆಕ್ಕೆಗಳಿಗೆ (ಕೊಂಬೆಗಳಿಗೆ) ತೆಳುವಾದ ಬಟ್ಟೆಯ ಚೀಲ ಕಟ್ಟಿ, ಹೂ ಬಾಡಿದ ಮೇಲೆ ಬಿಚ್ಚಿ, ಮುಂದೆ ಕಾಯಿಗಳನ್ನು ಎಣಿಸಿದರೆ ಪರಾಗಸ್ಪರ್ಶದ ಪಾಠಕ್ಕೆ ಬೇರೆ ಉಪಕರಣ ಬೇಕಿಲ್ಲ. ಹೂವಿನ ಕಾಲ ಪರೀಕ್ಷೆಯ ಕಾಲದೊಂದಿಗೆ ಸೇರಿಕೊಳ್ಳುವುದರಿಂದ ಇದನ್ನು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಕೊಡಬೇಡಿ, ಎಂಟನೆಯ ತರಗತಿಯವರಿಗೆ ಕೊಡಿ. ಶಿಕ್ಷಕರ ತಂಡ ಬರುವುದಾದರೆ ನಮ್ಮ ತೋಟದಲ್ಲಿ ಗಿಡಗಳನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಡಿಕೇರಿಯ ಸರ್ ಹೇಳಿದ ವಿಷಯಜ್ಞಾನದ ಮಾತು ನನಗೂ ಅನ್ವಯಿಸುತ್ತದೆ. ಬೇಸಿಗೆಯ ವಸತಿ ತರಬೇತಿಗೆ ಈ ವರ್ಷವೇ ಅರ್ಜಿ ಹಾಕುತ್ತೇನೆ. ಆದರೆ ಅಲ್ಲಿಗೆ ಹೋಗುವ ಮುನ್ನವೇ ಮಳೆಯ ದಾಖಲೆ ಮತ್ತು ಇಳಿಜಾರಿನ ಪ್ರಶ್ನೆ ನಮ್ಮ ಕೈಯಲ್ಲಿರಬೇಕು, ಆಗ ಅಲ್ಲಿ ಏನು ಕೇಳಬೇಕೆಂಬುದು ನನಗೆ ತಿಳಿದಿರುತ್ತದೆ. ಮಕ್ಕಳ ಮನೆಗಳಲ್ಲಿರುವ ಹಳೆಯ ಮಳೆ ಪುಸ್ತಕಗಳನ್ನು ನೋಡಲು ಹಿರಿಯರ ಅನುಮತಿ ಕೇಳಲು ಆರಂಭಿಸುತ್ತೇನೆ. ಡಯಟ್‌ಗೆ ಕೊಡುವ ಮನವಿಯ ಕರಡನ್ನು ದಸರಾ ರಜೆಯೊಳಗೆ ಸಿದ್ಧಪಡಿಸಿ ಇಲ್ಲಿಯೇ ಹಾಕುತ್ತೇನೆ. ಸೋಮವಾರಪೇಟೆ ಮತ್ತು ಕುಶಾಲನಗರ ತಾಲ್ಲೂಕುಗಳಿಂದ ಸಹಿ ಹಾಕಲು ಸಿದ್ಧರಿರುವ ವಿಜ್ಞಾನ ಶಿಕ್ಷಕರು ತಾವು ಬೋಧಿಸುವ ತರಗತಿಯನ್ನೂ ತಮಗೆ ಬೇಕಾದ ಒಂದು ವಿಷಯವನ್ನೂ ತಿಳಿಸಬೇಕಾಗಿ ವಿನಂತಿ.