ವಯಸ್ಸಾದ ನಾಯಿಯನ್ನು ವಿಡ್ಬಿ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಬೆಲ್‌ವ್ಯೂನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನುಗೆ ಈಗ 11 ವರ್ಷ. ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ಹುಟ್ಟಿದವಳು. ಅಮೆರಿಕದ ಸಿಯಾಟಲ್ ಕಡೆಗೆ ಬರುವಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹಿಂಗಾಲಿನಲ್ಲಿ ಸ್ವಲ್ಪ ಕೀಲುನೋವು ಇದೆ. ಇದುವರೆಗೆ ಸಮುದ್ರ ನೋಡಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಫೆರ್ರಿಯಲ್ಲಿ (ಕಾರು ಸಮೇತ ದಾಟಿಸುವ ಹಡಗು) ಇಲ್ಲೇ ಹತ್ತಿರದ ವಿಡ್ಬಿ ದ್ವೀಪಕ್ಕೆ ಹೋಗಿ, ಅವಳ ಜೊತೆ ಸುಮ್ನೆ ಕೂತು ಬರಬೇಕು ಅಂತ ಆಸೆ. ಎಲ್ಲಿಗೆ ಹೋಗಲಿ, ಏನು ನೋಡಿಕೊಳ್ಳಲಿ?

ಉತ್ತರ, ಬಾಥೆಲ್‌ನಿಂದ:

ಖಂಡಿತ ಹೋಗಿ. ಫ್ರೀಲ್ಯಾಂಡ್ ಊರಿನ ಹತ್ತಿರ ಡಬಲ್ ಬ್ಲಫ್ ಬೀಚ್ ಅಂತ ಇದೆ. ನಾಯಿಗಳನ್ನು ಲೀಶ್ ಬಿಚ್ಚಿ ಓಡಾಡಲು ಬಿಡಬಹುದಾದ ಜಾಗ. ಆದರೆ ಪಾರ್ಕಿಂಗ್‌ನಲ್ಲಿ ಮತ್ತು ದಂಡೆಯ ಮೊದಲ ಸ್ವಲ್ಪ ದೂರ ಲೀಶ್ ಇರಲೇಬೇಕು. ಅಲ್ಲಿರುವ ಬೋರ್ಡ್ ನೋಡಿಕೊಂಡು ಬಿಚ್ಚಿ.

ದಾರಿ ಸುಲಭ. ಮಕಿಲ್ಟಿಯೋದಿಂದ ಕ್ಲಿಂಟನ್‌ಗೆ ಫೆರ್ರಿ ಇದೆ, 20 ನಿಮಿಷದ ಪ್ರಯಾಣ. ಈ ದಾರಿಯಲ್ಲಿ ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲಿ ಕಾಯಬೇಕು. ಕಾರು ಮತ್ತು ಓಡಿಸುವವರಿಗೆ ಹೋಗುವಾಗಲೂ ಬರುವಾಗಲೂ ದುಡ್ಡು ಕೊಡಬೇಕು, ಜೊತೆಗಿರುವ ಪ್ರಯಾಣಿಕರಿಗೆ ಮಕಿಲ್ಟಿಯೋದಲ್ಲಿ ಮಾತ್ರ. ಬೇಸಿಗೆಯ ಶನಿವಾರ, ಭಾನುವಾರ ಸಾಲು ತುಂಬಾ ಉದ್ದ ಇರುತ್ತದೆ. ಕೀಲುನೋವಿರುವ ನಾಯಿಯನ್ನು ಅಷ್ಟು ಹೊತ್ತು ಕಾರಿನಲ್ಲಿ ಕೂರಿಸಬೇಡಿ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ.

ಎಲ್ಲಕ್ಕಿಂತ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಿ. ನಾವು ಮೊದಲ ಸಲ ನೋಡದೆ ಹೋಗಿದ್ದೆವು. ನೀರು ಪೂರ್ತಿ ಏರಿತ್ತು. ದಂಡೆಯೇ ಉಳಿದಿರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ತೇಲಿ ಬಂದು ರಾಶಿ ಬಿದ್ದ ಮರದ ದಿಮ್ಮಿಗಳು. ನಮ್ಮ ಲ್ಯಾಬ್ರಡಾರ್ ನಾಯಿ ಆ ದಿಮ್ಮಿಗಳ ಮೇಲೆ ಹತ್ತಿ ಇಳಿದು ಉಗುರು ಕಿತ್ತುಕೊಂಡ. ಹತ್ತೇ ನಿಮಿಷಕ್ಕೆ ವಾಪಸ್ ಬಂದೆವು. ಎರಡನೇ ಸಲ ಇಳಿತದ ಹೊತ್ತಿಗೆ ಹೋದಾಗ ಅದೇ ಜಾಗ ಅಂತ ನಂಬಲಿಕ್ಕೇ ಆಗಲಿಲ್ಲ. ಕಣ್ಣು ಹಾಯುವವರೆಗೂ ಸಪಾಟಾದ ಒದ್ದೆ ಮರಳು. ಗಟ್ಟಿಯಾಗಿತ್ತು, ಕಾಲು ಹೂತುಕೊಳ್ಳುತ್ತಿರಲಿಲ್ಲ. ಚಿನ್ನುವಿನಂಥ ಅಜ್ಜಿಗೆ ಇದೇ ಬೇಕಾದದ್ದು, ಅಲ್ವಾ? ಮೇಲಿನ ಒಣ ಮರಳಿನಲ್ಲಿ ನಡೆದರೆ ಸೊಂಟಕ್ಕೆ ಶ್ರಮ ಜಾಸ್ತಿ.

ನಮ್ಮ ಅದೃಷ್ಟಕ್ಕೆ, ಈ ಕಡೆ ಬೇಸಿಗೆಯಲ್ಲಿ ದೊಡ್ಡ ಇಳಿತಗಳು ಹಗಲಿನಲ್ಲೇ ಬರುತ್ತವೆ. ಚಳಿಗಾಲದಲ್ಲಿ ಅವು ರಾತ್ರಿಗೆ ಹೋಗುತ್ತವೆ. ಅಮೆರಿಕದ ಸಾಗರ-ಹವಾಮಾನ ಇಲಾಖೆ ನೋವಾದ ಪಟ್ಟಿಯಲ್ಲಿ ಇಳಿತದ ಸಮಯ ನೋಡಿ, ಅದಕ್ಕೆ ಒಂದೂವರೆ ಗಂಟೆ ಮೊದಲು ದಂಡೆಯಲ್ಲಿರಿ. ಇಲ್ಲಿನ ಸಮುದ್ರದ ಒಳಚಾಚು ಪ್ಯೂಜೆಟ್ ಸೌಂಡ್‌ನ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಆದರೆ ಇಲ್ಲಿ ಬಿಸಿಲಿಗೆ ಕಾದ ಮರಳಿನ ಮೇಲೆ ನೀರು ಮತ್ತೆ ಏರುವಾಗ, ಪಾದ ಮುಳುಗುವಷ್ಟು ಆಳದಲ್ಲಿ ಹಿತವಾಗಿ ಬೆಚ್ಚಗಿರುತ್ತದೆ. ನಮ್ಮವನು ಅದರಲ್ಲೇ ಹೊಟ್ಟೆ ಊರಿ ಮಲಗಿಬಿಡುತ್ತಾನೆ.

ಹಿಂದಿರುವ ಎತ್ತರದ ಮಣ್ಣಿನ ಗೋಡೆಯ ಬುಡದಲ್ಲಿ ಮಾತ್ರ ಕೂರಬೇಡಿ. ಹಿಮಯುಗದ ಮರಳು, ಜಲ್ಲಿ ಸೇರಿ ಆದದ್ದು ಅದು. ಆಗಾಗ ಕುಸಿಯುತ್ತದೆ.

ಉತ್ತರ, ಎವರೆಟ್‌ನಿಂದ:

ನಾನು ಕುಂದಾಪುರದವಳು. ದಂಡೆಯಲ್ಲಿ ಬಿದ್ದ ಮೀನು ನಾಯಿ ತಿಂದರೆ ಏನಾದೀತು ಅಂತಲೇ ಇದ್ದೆ. ಇಲ್ಲಿ ಹಾಗಲ್ಲ. ದಯವಿಟ್ಟು ಇದನ್ನು ಓದಿ.

ಈ ಭಾಗದ ಹಸಿ ಸಾಲ್ಮನ್, ಟ್ರೌಟ್ ಮೀನುಗಳಲ್ಲಿ ಒಂದು ಸಣ್ಣ ಚಪ್ಪಟೆ ಹುಳು ಇರುತ್ತದೆ. ಆ ಹುಳುವಿನೊಳಗೆ ಒಂದು ಬ್ಯಾಕ್ಟೀರಿಯಾ. ಅದು ನಾಯಿಗಳಿಗೆ ಮಾರಕ, ಬೆಕ್ಕುಗಳಿಗೆ ಏನೂ ಆಗುವುದಿಲ್ಲ. ನಮ್ಮ ಬೊಮ್ಮ ಹೊಳೆಯ ಪಕ್ಕ ಬಿದ್ದಿದ್ದ ಸಾಲ್ಮನ್ ತುಂಡು ನುಂಗಿದ್ದ. ಆರು ದಿನ ಚೆನ್ನಾಗಿಯೇ ಇದ್ದ. ಏಳನೇ ದಿನ ಜ್ವರ, ವಾಂತಿ, ಊಟ ಬಿಟ್ಟ. ಮೀನು ತಿಂದದ್ದು ನಮಗೆ ನೆನಪೇ ಇರಲಿಲ್ಲ. ವೆಟ್ (ಪಶುವೈದ್ಯರು) ಕೇಳಿದ ಮೇಲೆ ನೆನಪಾಯಿತು. ಮಲ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಕಂಡಿತು. ಆಂಟಿಬಯೋಟಿಕ್ ಕೊಟ್ಟರು, ಉಳಿದುಕೊಂಡ. ಔಷಧಿ ಬೀಳದಿದ್ದರೆ ಹೆಚ್ಚಿನ ನಾಯಿಗಳು ಉಳಿಯುವುದಿಲ್ಲ. ಹಾಗಾಗಿ ಹೋಗಿ ಬಂದ ಎರಡು ವಾರ ಚಿನ್ನುವಿನ ಮೇಲೆ ಕಣ್ಣಿಡಿ. ಏನಾದರೂ ಆದರೆ ಮೀನಿನ ವಿಷಯ ನೀವೇ ಮೊದಲು ಹೇಳಿ.

ಇನ್ನೊಂದು ಮಾತು. ಆಗಸ್ಟ್‌ನಲ್ಲಿ ಸೀಲ್ ಮರಿಗಳು ದಂಡೆಯಲ್ಲಿ ಒಂಟಿಯಾಗಿ ಮಲಗಿರುತ್ತವೆ. ತಾಯಿ ಬಿಟ್ಟು ಹೋಗಿದೆ ಅಂದುಕೊಳ್ಳಬೇಡಿ, ಬೇಟೆಗೆ ಹೋಗಿರುತ್ತದೆ. ಕಂಡ ತಕ್ಷಣ ಲೀಶ್ ಹಾಕಿ, 100 ಗಜ ದೂರ ಸರಿಯಿರಿ.

ಉತ್ತರ, ರೆಂಟನ್‌ನಿಂದ:

ಫೆರ್ರಿಯಲ್ಲಿ ಚಿನ್ನುವನ್ನು ಕಾರಿನಲ್ಲಿ ಬಿಟ್ಟು ಮೇಲೆ ಹೋಗುವುದಾದರೆ ಕಾರಿನ ಅಲಾರಂ ಆಫ್ ಮಾಡಿ. ಒಳಗೆ ನಾಯಿ ಅಲುಗಾಡಿದರೂ ಕೂಗಿಕೊಳ್ಳುತ್ತದೆ. ನನ್ನ ಸಲಹೆ ಕೇಳಿದರೆ, ಮೊದಲ ಸಲ ನೀವೂ ಕಾರಿನಲ್ಲೇ ಕೂರಿ. ಹಡಗಿನ ಹಾರ್ನ್ ತುಂಬಾ ಜೋರು. ನಮ್ಮ ಹುಡುಗಿ ನಡುಗಿಬಿಟ್ಟಿದ್ದಳು, ನನ್ನ ತೊಡೆಯ ಮೇಲೆ ತಲೆ ಇಟ್ಟ ಮೇಲೆಯೇ ಸಮಾಧಾನ ಆದದ್ದು.

ಉತ್ತರ, ಲಿನ್‌ವುಡ್‌ನಿಂದ:

ಸಿಹಿನೀರು ಜಾಸ್ತಿ ಒಯ್ಯಿರಿ. ಬಾಯಾರಿದ ನಾಯಿ ಸಮುದ್ರದ ನೀರನ್ನೇ ಕುಡಿಯುತ್ತದೆ, ಆಮೇಲೆ ವಾಂತಿ, ಭೇದಿ. ನಿಮಗೆ ಚಿತ್ರಾನ್ನ ಕಟ್ಟಿಕೊಂಡರೆ ಅವಳಿಗೆ ಕೊಡಬೇಡಿ, ಈರುಳ್ಳಿ ನಾಯಿಗೆ ವಿಷ. ಕೇಸರಿಬಾತಿನ ಒಣದ್ರಾಕ್ಷಿಯೂ ಅಷ್ಟೇ. ಒಗ್ಗರಣೆ, ಉಪ್ಪು ಇಲ್ಲದ ಮೊಸರನ್ನ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಲ್ಯಾಂಗ್ಲಿ ಊರಿಗೆ ಹೋಗಿ. ಅಲ್ಲಿ ಸಮುದ್ರದ ಕಡೆ ನೋಡುತ್ತಾ ನಿಂತ ಹುಡುಗ ಮತ್ತು ಅವನ ನಾಯಿಯ ಕಂಚಿನ ಪ್ರತಿಮೆ ಇದೆ. ಸಿಯಾಟಲ್‌ನ ಪೈಕ್ ಪ್ಲೇಸ್ ಮಾರುಕಟ್ಟೆಯಲ್ಲಿರುವ ಕಂಚಿನ ಹಂದಿಯನ್ನು ಮಾಡಿದ ಜಾರ್ಜಿಯಾ ಗರ್ಬರ್ ಅವರೇ ಇದನ್ನೂ ಮಾಡಿದ್ದು. ನಮ್ಮ ಟಾಮಿ ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಅದರ ಪಕ್ಕ ಅವನದೊಂದು ಫೋಟೋ ತೆಗೆದಿದ್ದೆ. ಈಗ ಅದು ಅಡುಗೆಮನೆಯ ಗೋಡೆಯಲ್ಲಿದೆ. ನೀವೂ ಒಂದು ತೆಗೆದುಕೊಳ್ಳಿ.

ಮೂರು ವಾರದ ನಂತರ, ಬೆಲ್‌ವ್ಯೂನಿಂದ:

ಹೋಗಿ ಬಂದೆವು. ಬುಧವಾರ, ಮಧ್ಯಾಹ್ನದ ಇಳಿತಕ್ಕೆ. ಚಿನ್ನು ಮೊದಲ ಅಲೆ ಕಂಡು ನನ್ನ ಹಿಂದೆ ಬಂದು ನಿಂತಳು. ಆಮೇಲೆ ನೀರಿನ ಅಂಚಿನಲ್ಲೇ ನಿಧಾನವಾಗಿ, ಮನೆಯ ಹತ್ತಿರ ಎಂದೂ ನಡೆಯದಷ್ಟು ದೂರ ನಡೆದಳು. ನೀರು ಏರಿ ಬರುವಾಗ ಎವರೆಟ್ ಅಕ್ಕನ ಮಾತು ನೆನಪಿಟ್ಟು ಮೀನು ಸಿಗದಂತೆ ಪಕ್ಕದಲ್ಲೇ ಇದ್ದೆ. ಇವತ್ತಿಗೆ ಹದಿನಾಲ್ಕು ದಿನ, ಚೆನ್ನಾಗಿ ಉಣ್ಣುತ್ತಿದ್ದಾಳೆ. ಕಾರಿನ ಸೀಟಿನಲ್ಲಿ ಇನ್ನೂ ಮರಳು ಇದೆ, ಗುಡಿಸಿಲ್ಲ.